ಮನೇಲೇ ಇದ್ದೀನಿ

ಬಾಗಿಲ ಆಚೆ ಯಾರೋ ಕೆಮ್ಮಿದರು. ಅವಳು ಕೂತಲ್ಲೇ ಬಾಗಿಲಿಗೆ ಬೆನ್ನು ತಿರುಗಿಸಿದಳು.

ಆ ಕೆಮ್ಮು ಅವಳಿಗೆ ಗೊತ್ತು. ಮೊದಲು ಸಣ್ಣದಾಗಿ ಒಂದು, ಆಮೇಲೆ ಎದೆಯನ್ನೇ ಕಿತ್ತುಕೊಂಡು ಬರುವಂತೆ ಇನ್ನೊಂದು. ಮೇಡಂ! ಈ ವಾರ ಅವರು ಊರಲ್ಲೇ ಇರುವುದಿಲ್ಲ, ಯಾವುದೋ ಸಮ್ಮೇಳನಕ್ಕೆ ಹೋಗುತ್ತಾರೆ ಎಂದು ಅವರ ಬಾಯಿಂದಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಬೆಳಿಗ್ಗೆ ಹೊರಟವರು ಕೆಮ್ಮು ಜೋರಾಗಿ ಪ್ರಯಾಣ ಬಿಟ್ಟಿರಬೇಕು. ಔಷಧಿ ಕುಡಿದರೋ ಇಲ್ಲವೋ ಎಂಬ ಯೋಚನೆ ಆ ಗಾಬರಿಯಲ್ಲೂ ತಲೆಯಲ್ಲಿ ಹಾದುಹೋಯಿತು.

ಸಂಸ್ಥೆಯ ಮೊಗಸಾಲೆಯ ಕುರ್ಚಿಗಳಲ್ಲಿ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಅರ್ಜಿ ಹಾಕಿದ ಬೇರೆ ಬೇರೆ ಕಾಲೇಜುಗಳ ಡಿಗ್ರಿ ವಿದ್ಯಾರ್ಥಿಗಳು ಸಂದರ್ಶನಕ್ಕೆ ಕಾದು ಕೂತಿದ್ದರು. ಕೀಟಗಳ ಪ್ರಯೋಗಾಲಯದಲ್ಲಿ ಇರುವುದು ಒಂದೇ ಜಾಗ. ಪಕ್ಕದ ಹುಡುಗಿ ಬಾಯಿಗೆ ಬೀಗವಿಲ್ಲದವಳು. ಮಿಕ್ಕವರನ್ನೆಲ್ಲ ಏಕವಚನದಲ್ಲೇ ಮಾತಾಡಿಸುತ್ತಿದ್ದವಳು ಇವಳಿಗೆ ಮಾತ್ರ ಬಹುವಚನ ಹಚ್ಚಿದ್ದಳು. ಅಷ್ಟು ಗಂಭೀರವಾಗಿ ಹೆದರಿ ಕೂತವರನ್ನು ಕಂಡರೆ ಯಾರಿಗಾದರೂ ಮರ್ಯಾದೆ ಬರುತ್ತದೆ.

“ಒಳಗೆ ಮೇಡಂ ಇದ್ದಾರಂತೆ, ಹುಷಾರು,” ಎಂದು ಹುಡುಗಿ ಪಿಸುಗುಟ್ಟಿದಳು. “ಹೋದ ವರ್ಷ ಗಡ್ಡದ ಸರ್ ಯಾವುದೋ ಹುಡುಗೀನ ‘ಬಾಮ್ಮ, ಕೂತ್ಕೊಮ್ಮ’ ಅಂದ್ರಂತೆ. ಮೇಡಂ ಅಲ್ಲೇ ಝಾಡಿಸಿಬಿಟ್ರಂತೆ. ‘ವಿದ್ಯಾರ್ಥಿನಿಯರನ್ನ ಅಮ್ಮ ಗಿಮ್ಮ ಅನ್ಬೇಡಿ ಸರ್. ಅಮ್ಮ ಅಂತ ನಾನು ಕರೆಯೋದು ಒಬ್ಬರನ್ನೇ, ಅವರು ಮನೇಲಿದ್ದಾರೆ’ ಅಂತ!”

ಹುಡುಗಿ ಕಿಸಕ್ಕನೆ ನಕ್ಕಳು. ಇವಳಿಗೆ ನಗು ಬರಲಿಲ್ಲ.

“ಹೆಸರು ನೋಡ್ತಾರಾ?” ಎಂದು ಕೇಳಿದಳು.

“ಇಲ್ಲ, ಅರ್ಜೀಲಿ ಹೆಸರು ಮುಚ್ಚಿರ್ತಾರೆ. ನಂಬರ್ ಮಾತ್ರ.”

ಹೋದ ಜೀವ ಅರ್ಧ ಬಂತು. ಆದರೆ ಮುಖವನ್ನು ಮುಚ್ಚುವುದು ಹೇಗೆ? ದನಿಯನ್ನು?

ಮೇಡಂಗೆ ಅವಳು ಹೇಳಿದ ಸುಳ್ಳು ಒಂದೆರಡಲ್ಲ. ಕಾಲೇಜಿನ ಮೆಟ್ಟಿಲ ಮೇಲೆ ನಿಂತಿದ್ದಾಗಲೇ ಫೋನ್ ಬರುತ್ತಿತ್ತು. “ಎಲ್ಲಿದ್ದೀಯ?” “ಮನೇಲೇ ಇದ್ದೀನಿ.” ಪರೀಕ್ಷೆಯ ದಿನವೂ ಅದೇ ಉತ್ತರ. ನಿಜ ಹೇಳಲು ಒಮ್ಮೆ ಬಾಯಿ ತೆರೆದದ್ದೂ ಉಂಟು. ಮೇಡಂ ಊಟಕ್ಕೆ ಕೂತಿದ್ದರು. ಬಡಿಸುತ್ತಾ, “ನಾನೂ ಡಿಗ್ರಿಗೆ ಸೇರ್ಲಾ?” ಎಂದಿದ್ದಳು. ಮೇಡಂ ತಟ್ಟೆಯಿಂದ ತಲೆ ಎತ್ತದೆ ನಕ್ಕಿದ್ದರು.

“ನಿಂಗ್ಯಾಕೆ ಆ ತಲೆನೋವೆಲ್ಲ? ಸುಮ್ನೆ ಮನೆ ನೋಡ್ಕೊಂಡು ಇರಬಾರದಾ?”

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆ ನಗುವಿಗೆ ಹೆದರಿಯೇ ಗುಟ್ಟಾಗಿ ಕಾಲೇಜಿಗೆ ಸೇರಿದ್ದಳು. ಈ ಜಾಗ ಸಿಕ್ಕಿದರೆ ತಾನೇ ಹೋಗಿ ಹೇಳುವುದು, ಸಿಗದಿದ್ದರೆ ಯಾರಿಗೂ ಗೊತ್ತಾಗುವುದೇ ಬೇಡ ಎಂದುಕೊಂಡಿದ್ದಳು. ಈಗ ಅದೇ ನಗುವನ್ನು ನಾಲ್ಕು ಜನರ ಎದುರು ಕೇಳಬೇಕು.

ಅಟೆಂಡರ್ ಬಾಗಿಲು ತೆರೆದು ನಂಬರ್ ಕೂಗಿದ. ಅವಳದೇ.

ಒಂದು ಗಳಿಗೆ ಮೆಟ್ಟಿಲ ಕಡೆ ನೋಡಿದಳು. ಎದ್ದು ಹೋಗಿಬಿಟ್ಟರೆ ಕೇಳುವವರು ಯಾರು? ಆದರೆ ಮುಂದಿನ ವರ್ಷ ಇಂಥ ಧೈರ್ಯ ಮತ್ತೆ ಬರುತ್ತದೆಂದು ಅವಳಿಗೆ ನಂಬಿಕೆಯಿರಲಿಲ್ಲ. ಕೈಚೀಲ ಮೇಡಂ ಬಳಸಿ ಬಿಟ್ಟದ್ದು, ಕಂಡರೆ ಗುರುತು ಹಿಡಿಯುತ್ತಾರೆ. ಅದನ್ನು ಕುರ್ಚಿಯ ಕೆಳಗೆ ತಳ್ಳಿ ಬಾಗಿಲ ಬಳಿ ಬಂದಳು.

“ಜೊತೆಗೆ ಬಂದೋರನ್ನ ಬಿಡೋ ಹಾಗಿಲ್ಲ,” ಎಂದ ಅಟೆಂಡರ್.

“ನಾನೇ,” ಎಂದಳು. ಅವನು ಮೇಲಿಂದ ಕೆಳಗೆ ಒಮ್ಮೆ ನೋಡಿ ದಾರಿ ಬಿಟ್ಟ.

ಮೇಜಿನಾಚೆ ಗಡ್ಡದ ಸರ್, ಪಕ್ಕದಲ್ಲಿ ಮೇಡಂ. ಮೇಡಂ ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು ಕಾಗದಗಳ ಮೇಲೆ ಬಗ್ಗಿದ್ದರು. ಮುಖ ಸೊರಗಿತ್ತು.

“ಇರುವೆ ಅರ್ಜಿ ನಿಂದೇನಾ?” ಬಗ್ಗಿದಲ್ಲಿಂದಲೇ ಕೇಳಿದರು. “ಬಂದಿರೋದ್ರಲ್ಲಿ ನಂಗೆ ಇಷ್ಟ ಆಗಿದ್ದು ಇದೊಂದೇ. ದಾರಿ ಪೂರ್ತಿ ಒರೆಸಿಹಾಕಿದ್ರೂ ಕೆಲವು ಇರುವೆ ಹೇಗೆ ವಾಪಸ್ ಬರ್ತವೆ ಅಂತ ಕೇಳಿದ್ದೀಯ. ಎಲ್ಲಿ ನೋಡಿದ್ದು ಇದನ್ನ?”

ಬಾಯಿ ಬಿಟ್ಟರೆ ಗುಟ್ಟು ಹೋಗುತ್ತದೆ. ಬಿಡದಿದ್ದರೆ ಜಾಗ ಹೋಗುತ್ತದೆ.

“ಹೇಳಿಮ್ಮ, ಹೆದರ್ಬೇಡಿ,” ಎಂದರು ಗಡ್ಡದ ಸರ್.

“ಸರ್, ಮತ್ತೆ ಶುರು ಮಾಡಿದ್ರಾ?” ಮೇಡಂ ಗದರಿ ಕೆಮ್ಮಿದರು. ಆಗಲೂ ತಲೆ ಎತ್ತಲಿಲ್ಲ.

ಅವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

“ಅಡುಗೆಮನೆ ಕಟ್ಟೆ ಮೇಲೆ,” ಎಂದಳು. “ಸಕ್ಕರೆ ಡಬ್ಬದ ಹತ್ರ. ದಿನಾ ಒರೆಸ್ತೀನಲ್ಲ, ಆಗ.”

ಮೇಡಂ ಕೈಯಲ್ಲಿದ್ದ ಪೆನ್ನು ನಿಂತಿತು. ತಲೆ ಮೆಲ್ಲಗೆ ಮೇಲೆದ್ದಿತು. ಈಗ ನಗುತ್ತಾರೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ನಗು ಕೇಳಲಿಲ್ಲ. ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು.

“ಸರ್, ಇವರಿಗೆ ನಾನು ಅಂಕ ಹಾಕೋ ಹಾಗಿಲ್ಲ. ನೀವೇ ನೋಡ್ಕೊಳ್ಳಿ, ನಾನು ಆಚೆ ಇರ್ತೀನಿ. ಅರ್ಜಿ ಬಗ್ಗೆ ಹೇಳಿದ ಮಾತು ಮಾತ್ರ ವಾಪಸ್ ತಗೊಳಲ್ಲ.”

ಎಲ್ಲ ಮುಗಿಯಿತು ಎಂದುಕೊಂಡಳು. ಹೆಜ್ಜೆಗಳು ಮೇಜನ್ನು ಬಳಸಿ ಬಂದು ಅವಳ ಪಕ್ಕದಲ್ಲೇ ನಿಂತವು. ಹೆಗಲ ಮೇಲೆ ಒಂದು ಕೈ ಬಿತ್ತು.

“ಯಾಕೆ, ಏನಾಯ್ತು?” ಗಡ್ಡದ ಸರ್ ತಬ್ಬಿಬ್ಬಾದರು. “ನಿಮಗೆ ಗೊತ್ತಿರೋರಾ?”

“ಮನೇಲಿದ್ದಾರೆ ಅಂತಿದ್ನಲ್ಲ ಸರ್,” ಎಂದರು ಮೇಡಂ. “ಇಲ್ಲಿದ್ದಾರೆ ನೋಡಿ ನಮ್ಮಮ್ಮ.”