ಹಿಣಿಲ ಹಿಂದಿನ ಸುಳಿ

"ಇದನ್ನ ಮನಿಯಾಗ ಕಟ್ಟಬ್ಯಾಡ," ಎಂದರು ಕರಿಬಸಯ್ಯನವರು, ಕಾಗದದ ಮೇಲಿನ ಎತ್ತನ್ನು ಕಣ್ಣಿಗೆ ಹತ್ತಿರ ಹಿಡಿದು.

ಮಗಳು ಭಾಗ್ಯಶ್ರೀಯ ಕೈಯಲ್ಲಿದ್ದ ಮಸಿಯ ರೋಲರು ಅಲ್ಲೇ ನಿಂತಿತು. ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿ ಬಂದು, ಮೂರು ಭಾನುವಾರ ಸೊಂಟ ಬಗ್ಗಿಸಿ ಕುಳಿತು ಲಿನೋಲಿಯಂ ಹಾಳೆಯಲ್ಲಿ ಕೊರೆದ ಎತ್ತು ಅದು. ಕೊರಳ ತುಂಬ ಭತ್ತದ ತೆನೆ, ಹೊಟ್ಟೆಗೆ ಕೌದಿ ಹೊಲಿಗೆಯಂಥ ಗೆರೆ, ಬೆನ್ನ ಮೇಲೆ, ಹಿಣಿಲೆನ್ನುವ ಡುಬ್ಬದ ಹಿಂದೆ, ಒಂದು ಸುರುಳಿ. ಉಳಿ ಆಡಿದ ಕಡೆ ಬಿಳಿ, ಮಿಕ್ಕಿದ್ದು ಕಪ್ಪು. ಅವಳ ತಮ್ಮ ವೀರೇಂದ್ರ ಸಿಂಧನೂರಿನಲ್ಲಿ ತೆರೆಯಲಿರುವ ಹಿಂಡಿ-ಬೂಸಾ ಅಂಗಡಿಯ ಆಮಂತ್ರಣಕ್ಕೆ ಇದೇ ಮುಖಪುಟ. ಇನ್ನೂರು ಬೇಕು, ನಲವತ್ತು ಆಗಲೇ ಬಟ್ಟೆ ಒಣಹಾಕುವ ಹಗ್ಗಕ್ಕೆ ಜೋತುಬಿದ್ದಿದ್ದವು. ಪತ್ರಿಕೆ ಚೆಂದ ಬಂದರೆ ಅಂಗಡಿಯ ಮೇಲಿನ ಖೋಲಿ ನಿನಗೇ ಎಂದು ಅಪ್ಪ ಮಾತು ಕೊಟ್ಟಿದ್ದರು. ಅಲ್ಲೊಂದು ಮೇಜು ಹಾಕಿಕೊಂಡು ತನ್ನ ಕೆಲಸ ತಾನು ಮಾಡಬಹುದು. ಇಪ್ಪತ್ತೊಂಬತ್ತು ತುಂಬಿದರೂ ಮಸ್ಕಿಯ ಈ ಮನೆಯಲ್ಲಿ ಅವಳಿಗೆ ಬಾಗಿಲು ಹಾಕಿಕೊಂಡು ಕೂರಲು ಒಂದು ಜಾಗ ಇರಲಿಲ್ಲ.

"ಯಾಕ್ರೀ ಅಪ್ಪಾ, ಏನಾಗೈತಿ ಅದಕ್ಕ?"

"ಹಿಣಿಲಿನ ಹಿಂದ ಸುಳಿ ಇಟ್ಟೀಯಲ್ಲ. ಯಜಮಾನಗ ಆಗಿಬರಂಗಿಲ್ಲ."

"ಅದು ಸುಳಿ ಅಲ್ರೀ, ಡಿಸೈನ್."

"ಎತ್ತಿನ ಮೈಮ್ಯಾಲ ಎಲ್ಲಿಂದ ಬರತೈತಿ ಡಿಸೈನ್? ತಿರುವಿಕೊಂಡಿತ್ತಂದ್ರ ಅದು ಸುಳೀನ."

ಹೀಗೆ ಹೇಳುವ ಹಕ್ಕು ಅವರಿಗಿತ್ತು ಎನ್ನುವುದೇ ಭಾಗ್ಯಶ್ರೀಗೆ ದೊಡ್ಡ ತಲೆನೋವು. ಮುದಗಲ್ಲಿನಿಂದ ಬಳಗಾನೂರಿನವರೆಗೆ ಎತ್ತು ಕೊಳ್ಳುವವರು ಸುಳಿ ನೋಡಲು ಕರೆದೊಯ್ಯುತ್ತಿದ್ದದ್ದು ಕರಿಬಸಯ್ಯನವರನ್ನೇ. ಮಾರುವವನು ಕೂದಲು ತಿಕ್ಕಿ, ಬಣ್ಣ ಬಳಿದು ಮುಚ್ಚಿದ್ದರೂ ಅವರ ಬೆರಳು ನೇರ ಅಲ್ಲಿಗೇ ಹೋಗುತ್ತಿತ್ತು. "ಸುಳಿ ಮುಚ್ಚಿಟ್ಟು ಕೊಡೋದು ನಮ್ಮ ಮನೆತನದಾಗ ಇಲ್ಲ" ಎಂದು ತಮ್ಮದೇ ಎತ್ತೊಂದನ್ನು ಸಂತೆಯಿಂದ ವಾಪಸ್ ಹೊಡೆದುಕೊಂಡು ಬಂದ ಕಥೆಯನ್ನು ಊಟಕ್ಕೆ ಕುಳಿತಾಗಲೆಲ್ಲ ಹೇಳಿ ಹೇಳಿ ಮನೆಯವರ ತಲೆ ತಿಂದಿದ್ದರು.

ಈಗ ಸಾಕ್ಷಿಗೊಬ್ಬರು ಬೇಕಾದರು. ಎದುರಿನ ಬೇವಿನ ಗಿಡದ ಕೆಳಗೆ ಎತ್ತಿನ ಗೊರಸಿಗೆ ನಾಲು ಬಡಿಯುತ್ತಿದ್ದ ಇಮಾಮ್‌ಸಾಬರನ್ನು ಕೂಗಿದರು. ಇಮಾಮ್‌ಸಾಬರು ಕೈ ಒರೆಸಿಕೊಳ್ಳುತ್ತ ಬಂದು ಚಿತ್ರವನ್ನು ಕೆಳಗಿಂದ ಮೇಲಕ್ಕೆ ನೋಡಿದರು.

"ನಾ ಕಾಲಷ್ಟ ನೋಡಾಂವ್ರಿ ಅಯ್ಯಾರ. ಕಾಲು ಚೊಲೊ ಅದಾವ."

"ಸುಳಿ ನೋಡಪಾ, ಸುಳಿ."

"ಐತಿ ಬಿಡ್ರಿ. ಅದೂ ಚೊಲೊ ಕಾಣತೈತಿ."

ಕರಿಬಸಯ್ಯನವರಿಗೆ ಇದು ರುಚಿಸಲಿಲ್ಲ. "ಬರೋರೆಲ್ಲ ಎತ್ತು ಕಟ್ಟಿದ ರೈತರು. ಪತ್ರಿಕಿ ಕೈಗೆ ತಗೊಂಡ ಕೂಡ್ಲೆ ಸುಳೀನ ನೋಡ್ತಾರ. ಅಂಗಡಿ ಹೊಸ್ತಿಲಾ ತುಳಿಯಂಗಿಲ್ಲ." ಆಮೇಲೆ ದನಿ ತಗ್ಗಿಸಿದರು. "ಅದೊಂದು ತೆಗದುಬಿಡು ಭಾಗ್ಯಾ."

"ಒಮ್ಮೆ ಕೊರದದ್ದು ತುಂಬಾಕ ಬರಂಗಿಲ್ರೀ. ಸುತ್ತಲಿಂದು ಪೂರ್ತಿ ಕೆತ್ತಿ ತೆಗಿಬೇಕು. ಅಲ್ಲಿ ಬಿಳೆ ಮಚ್ಚಿ ಆಗತೈತಿ."

"ಆಗಲಿ. ಮಚ್ಚಿ ಇದ್ದ ಎತ್ತು ಬೇಕಾದಷ್ಟು ಅದಾವ. ಅಲ್ಲೊಂದು ಸುಳಿ ಇತ್ತಂತ ಯಾರಿಗೆ ಗೊತ್ತಾಗತೈತಿ?"

ಭಾಗ್ಯಶ್ರೀ ಅಪ್ಪನ ಮುಖವನ್ನೇ ನೋಡಿದಳು. ಅವಳ ನೆತ್ತಿಯಲ್ಲಿ ಎರಡು ಸುಳಿ. ಎರಡು ಸುಳಿ ಇದ್ದವಳಿಗೆ ಎರಡು ಮದುವೆಯಂತೆ, ಮೊದಲ ಗಂಡ ಉಳಿಯುವುದಿಲ್ಲವಂತೆ. ದಟ್ಟ ಕೂದಲಿನ ಒಳಗೆ ಅವು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಲಿಂಗಸುಗೂರಿನವರು ನೋಡಲು ಬಂದಾಗ, ಸಂತೆಕಲ್ಲೂರಿನವರು ಬಂದಾಗ, ಸಿಂಧನೂರಿನ ಆ ಮಾಸ್ತರರು ಬಂದು ಅವಳ ಚಿತ್ರಗಳನ್ನೆಲ್ಲ ಒಂದೊಂದಾಗಿ ಕೇಳಿ ನೋಡಿದಾಗಲೂ, ತಟ್ಟೆಯ ಅವಲಕ್ಕಿ ಮುಗಿಯುವ ಮೊದಲೇ ಅಪ್ಪ ತಾವಾಗಿಯೇ ಸುಳಿಯ ವಿಷಯ ಹೇಳಿಬಿಟ್ಟಿದ್ದರು. ಯಾರೂ ಕೇಳಿರಲಿಲ್ಲ. ಮೂರು ಮನೆಯವರೂ ಊರಿಗೆ ಹೋಗಿ ತಿಳಿಸುತ್ತೇವೆಂದು ಎದ್ದು ಹೋದರು. ಆಗೆಲ್ಲ ಅವಳಿಗೆ ಅಳು ಬಂದಿತ್ತು. ಇವತ್ತು ಮೈಯೆಲ್ಲ ಉರಿಯಿತು.

ಅವಳು ಉಳಿ ಕೈಗೆತ್ತಿಕೊಂಡಳು.

"ಹಾಂ, ಶಾಣ್ಯಾಕಿ," ಎಂದು ಕರಿಬಸಯ್ಯನವರು ಸಮಾಧಾನದಿಂದ ಕುರ್ಚಿ ಎಳೆದುಕೊಂಡು ಕುಳಿತರು.

ಹಿಣಿಲ ಹಿಂದಿನ ಸುಳಿಯನ್ನು ಅವಳು ಮುಟ್ಟಲಿಲ್ಲ. ಎರಡು ಕೊಂಬಿನ ನಡುವೆ ಏನೂ ಕೊರೆಯದೆ ಬಿಟ್ಟಿದ್ದ ಜಾಗದಲ್ಲಿ ಒಂದು ಸುಳಿ ತೆಗೆದಳು, ಅದರ ಪಕ್ಕದಲ್ಲಿ ಇನ್ನೊಂದು. ಪುಡಿ ಊದಿ, ಮಸಿ ಹಚ್ಚಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕಿದಳು. ಕಾಗದ ಎತ್ತಿದಾಗ ಎತ್ತಿನ ಕಪ್ಪು ನೆತ್ತಿಯ ಮೇಲೆ ಎರಡು ಬಿಳಿ ಸುಳಿ, ಮಾರು ದೂರದಿಂದಲೂ ಕಾಣುವಷ್ಟು ಸ್ಪಷ್ಟವಾಗಿದ್ದವು. ಇಮಾಮ್‌ಸಾಬರು ಅದನ್ನು ನೋಡಿದರು, ಅಪ್ಪ-ಮಗಳನ್ನು ನೋಡಿದರು, ಸುತ್ತಿಗೆ ಹುಡುಕುವ ನೆಪದಲ್ಲಿ ಹೊರಗೆ ನಡೆದರು.

"ಏನ್ ಮಾಡಿದಿ ಇದು? ಆ ಖೋಲಿ ಬ್ಯಾಡೇನು ನಿನಗ?"

"ಬೇಕ್ರಿ," ಎಂದು ಭಾಗ್ಯಶ್ರೀ ಹಸಿ ಕಾಗದವನ್ನು ಅವರ ತೊಡೆಯ ಮೇಲಿಟ್ಟಳು. "ಅಂಗಡಿಗೆ ಬಂದೋರಿಗೆ ಸುಳಿ ವಿಷಯ ನೀವ ಮೊದಲ ಹೇಳಿಬಿಡ್ರಿ ಅಪ್ಪಾ. ನಿಮಗ ರೂಢಿ ಐತಿ."