ಜೊತೆಯಲ್ಲಿ ಹೂ ಬಿಡುವ ದಿನ

ತೀರಿಹೋದವರ ದಿನಗಳು ನರ್ಸರಿಯಲ್ಲಿ ಸೇಬಿನ ಕಸಿಕಡ್ಡಿಗಳಾಗಿ ಉಳಿದಿರುತ್ತಿದ್ದವು. ಅವನ್ನು ಕಸಿ ಕಟ್ಟಿ ಬೆಳೆದ ಹಣ್ಣು ತಿಂದವರು ಆ ದಿನವನ್ನು ಮತ್ತೆ ಅವರ ಪಕ್ಕದಲ್ಲಿ ಕಳೆಯುತ್ತಿದ್ದರು. ಹಿತ್ತಲಲ್ಲಿ ಕಸಿ ಕಟ್ಟಲು ಇಂದುಮತಿ ತೀರಿಹೋದ ಮಗಳ ಕಡ್ಡಿಗಳ ಕಟ್ಟಿನಿಂದ ಒಂದೇ ಕಡ್ಡಿ ಆರಿಸಿದಳು: ಮಗು ಮೊದಲ ಸಲ ಸೈಕಲ್ ತುಳಿದ ದಿನ.

“ಎಲ್ಲಾರೂ ನಗೋ ದಿನಾನ ಒಯ್ತೀರಿ,” ಎಂದ ನರ್ಸರಿಯ ಗುರುಲಿಂಗಪ್ಪ. “ಒಂದ ಕಟ್ಟಿದ್ರ ಹೂವಷ್ಟ ರೀ ಅಕ್ಕಾರ, ಕಾಯಿ ಹಿಡಿಯಂಗಿಲ್ಲ. ಪರಾಗಕ್ಕ ಅಕಿದ ಇನ್ನೊಂದ ದಿನ ಬೇಕು, ಇದರ ಜೊತಿಗೆ ಅದ ವಾರ ಹೂ ಬಿಡೋದು.”

“ಯಾವುದೈತಿ?”

ಅವನು ಅವಳ ಮುಖ ನೋಡದೆ ಒಂದು ಕಡ್ಡಿ ಚಾಚಿದ. ಚೀಟಿಯಲ್ಲಿ ಆಸ್ಪತ್ರೆಯ ಕೊನೆಯ ದಿನದ ತಾರೀಖಿತ್ತು.

“ಇದರ ಕಾಯಿ ಎಳೀದಿದ್ದಾಗ ಉದುರಿಸಿಬಿಡ್ರಿ.”

ಇಂದುಮತಿ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿದಳು.

“ಉದುರಸಂಗಿಲ್ಲ. ಅವತ್ತ ನಾ ಚಾ ಕುಡಿಯಾಕ ಕೆಳಗ ಹೋಗಿದ್ದೆ. ಅಕಿ ಒಬ್ಬಾಕಿನ ಇದ್ಲು.”