ಮದುವೆಮನೆಯ ರೊಟ್ಟಿ

ಜೋಳದ ರೊಟ್ಟಿ ಬೇಯುವ ವಾಸನೆ ಬಂದರೆ ಈಗಲೂ ನನ್ನ ಕೈಗಳು ಸೆರಗಿನೊಳಗೆ ಸೇರಿಕೊಳ್ಳುತ್ತವೆ.

ಕೌಜಲಗಿಯಲ್ಲಿ ಸೋದರತ್ತೆಯ ಮಗಳ ಮದುವೆಗೆಂದು ಓಣಿಯ ಹೆಂಗಸರೆಲ್ಲ ಕೂಡಿ ಖಡಕ್ ರೊಟ್ಟಿ ಬಡಿಯುತ್ತಿದ್ದರು. "ನನ್ನ ಮಗಳ ರೊಟ್ಟಿ ಹುಣ್ಣಿವಿ ಚಂದ್ರ ಇದ್ದಂಗ" ಎಂದು ಅವ್ವ ಮನೆಯಲ್ಲಿ ದಿನಾ ಹೇಳುತ್ತಿದ್ದಳು. ಆ ಧೈರ್ಯದಿಂದ, ಯಾರೂ ಕರೆಯದಿದ್ದರೂ, ನಾನೂ ಕುಳಿತು ಒಂದು ರೊಟ್ಟಿ ಬಡಿದೆ.

ಅತ್ತೆ ಅದನ್ನು ಎರಡೇ ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದಳು. "ನೋಡ್ರೆವಾ, ಎತ್ತಿನ ನಾಲಿಗಿ ಆಗೇತಿ! ಇಂಥಾ ಕೈ ಇದ್ದಾಕಿನ್ನ ಯಾರ ಲಗ್ನ ಮಾಡ್ಕೋತಾರ?"

ನಾನು ಅವ್ವನ ಕಡೆ ನೋಡಿದೆ. ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು. "ಖರೆ ನೋಡ್ರಿ ಅಕ್ಕಾರ, ಎಷ್ಟ ಹೇಳಿದ್ರೂ ಕಲಿಯಂಗಿಲ್ಲ."

ರಾತ್ರಿ ಊಟಕ್ಕೆ ನನ್ನ ತಾಟಿನಲ್ಲಿ ಅದೇ ರೊಟ್ಟಿ ಇತ್ತು. ಅವ್ವ ಅದನ್ನು ಮದುವೆಯ ರೊಟ್ಟಿಗಳಿಂದ ಬೇರೆ ತೆಗೆದು, ಯಾರಿಗೂ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದಳು.